ನಾಲ್ಕನೇ ಕುದುರೆಯ ನಟ್ಟು

"ದೊಡ್ಡಮ್ಮಾ, ಕೆಳಗೆ ಮಾತ್ರ ನೋಡ್ಬೇಡ."

"ನೋಡ್ತಿಲ್ಲ ಕಣೇ. ಕಣ್ಣೇ ಮುಚ್ಕೊಂಡಿದ್ದೀನಿ."

"ಕಣ್ಣು ಮುಚ್ಕೊಂಡು ಎಂಥ ಪತ್ತೇದಾರಿಕೆ?"

ಪ್ರಶ್ನೆ ನ್ಯಾಯವಾಗಿತ್ತು. ದೊಡ್ಡಮ್ಮ ಒಂದು ಕಣ್ಣನ್ನು ತೆರೆದಳು. ಗೇಣು ದೂರದಲ್ಲಿ ದಪ್ಪನೆಯ ಮರದ ಕಂಬ, ಕಂಬಕ್ಕೆ ಬಿಗಿದ ಓರೆಪಟ್ಟಿ, ಪಟ್ಟಿಯಿಂದ ಮೂತಿ ಹೊರಹಾಕಿದ ಒಂದು ಕಬ್ಬಿಣದ ನಟ್ಟು. ಕಾಲ ಕೆಳಗೆ ಏಣಿ. ಏಣಿಯ ಕೆಳಗೆ ಹೊಳೆ. ಹೊಳೆಯ ವಿಷಯ ಸದ್ಯಕ್ಕೆ ಬೇಡ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿದಳು.

ಪಕ್ಕದ ಅಡ್ಡತೊಲೆಯ ಮೇಲೆ ತಂಗಿಯ ಮಗಳು ಏನನ್ನೂ ಹಿಡಿದುಕೊಳ್ಳದೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಡೆಯಲು ಕಲಿಯುವ ಮೊದಲೇ ಹತ್ತಲು ಕಲಿತವಳು. ಮನೆಯವರು ಅಳಿಲು ಎಂದು ಕರೆದರು; ಈಗ ಈಚೆ ದಡದ ಮರಗೆಲಸದವರಿಗೆಲ್ಲ ಮೇಸ್ತ್ರಿಯಾದ ಮೇಲೂ ಆ ಹೆಸರು ಹೋಗಿರಲಿಲ್ಲ. ಹೋಗಲಿರುವುದು ಮೇಸ್ತ್ರಿಗಿರಿ. ನಿನ್ನೆ ಬೆಳಿಗ್ಗೆ, ಸೇತುವೆಯ ಪರೀಕ್ಷೆಗೆ ಬಂಡಿ ಹೊರಡುವ ಮುನ್ನ, ಈ ನಾಲ್ಕನೇ ಕುದುರೆಯ ಒಂದು ಓರೆಪಟ್ಟಿ ಮಾಯವಾಗಿತ್ತು. ಅದು ಯಾರ ಕೈವಾಡವೆಂದು ಇವತ್ತು ಸಂಜೆಯೊಳಗೆ ತೋರಿಸದಿದ್ದರೆ, 'ನಟ್ಟು ಬಿಗಿಯಲು ಬಾರದವಳು' ಎಂಬ ಮಾತಿನೊಂದಿಗೆ ಅವಳು ಸೇತುವೆಯಿಂದ ಇಳಿಯಬೇಕು.

ಮರಗೆಲಸದವರ ಬಾಯಲ್ಲಿ, ಸೇತುವೆಯನ್ನು ಹೊತ್ತು ನಿಂತ ಒಂದೊಂದು ಮರದ ಚೌಕಟ್ಟೂ ಒಂದೊಂದು ಕುದುರೆ. ಸಾಲು ಕಂಬಗಳು ಅದರ ಕಾಲು. ಮೇಲಿನ ತೊಲೆ ಬೆನ್ನು. ಕಾಲುಗಳ ನಡುವೆ ಕತ್ತರಿಯಂತೆ ಹಾಯುವ ಎರಡು ಓರೆಪಟ್ಟಿಗಳು. "ಕಂಬ ಭಾರ ಹೊರುತ್ತೆ, ಓರೆಪಟ್ಟಿ ಹಟ ಹಿಡಿಯುತ್ತೆ," ಎಂದು ಅಳಿಲು ನಿನ್ನೆ ಹೇಳಿಕೊಟ್ಟಿದ್ದಳು. "ಹಟ ಇಲ್ಲದ ಕುದುರೆ ಭಾರ ಬಿದ್ದ ಕೂಡಲೇ ಪಕ್ಕಕ್ಕೆ ಮಲಗಿಬಿಡುತ್ತೆ."

ಹಾಗಾದರೆ ನಮ್ಮ ಮನೆಯ ಹೆಂಗಸರೆಲ್ಲ ಓರೆಪಟ್ಟಿಗಳೇ ಎಂದುಕೊಂಡಿದ್ದಳು ದೊಡ್ಡಮ್ಮ.

ಈಗ ಎರಡನೇ ಕಣ್ಣನ್ನೂ ತೆರೆದು ಅವಳು ನಟ್ಟನ್ನು ದಿಟ್ಟಿಸಿದಳು. ಮೊದಲ ಕುದುರೆಯಿಂದ ಹೀಗೇ ಏಣಿ ಇಳಿದು, ಏಣಿ ಹತ್ತಿ ಬಂದಿದ್ದಳು. ಅಲ್ಲೆಲ್ಲ ಅವಳ ಕಡೆಗಿದ್ದದ್ದು ಬೋಲ್ಟಿನ ನುಣ್ಣಗಿನ ಗುಂಡು ತಲೆ.

"ಅಳಿಲೂ, ಉಳಿದ ಕುದುರೆಗಳೆಲ್ಲ ನನಗೆ ಬೋಳುತಲೆ ತೋರಿಸಿದ್ವು. ಇದೊಂದು ಯಾಕೆ ಮೂತಿ ತೋರಿಸ್ತಿದೆ?"

ತೊಲೆಯ ಮೇಲಿನ ಎರಡು ಕಾಲುಗಳು ಚಕ್ಕನೆ ಕುಳಿತವು. ಅಳಿಲು ಬಗ್ಗಿ ನೋಡಿದಳು. ಇನ್ನೊಂದು ಬೋಲ್ಟನ್ನೂ ನೋಡಿದಳು. ಮುಖದಿಂದ ನಗು ಜಾರಿತು.

"ಇದು ನಮ್ಮವರ ಕೈಯಲ್ಲ."

"ನಟ್ಟಿಗೆ ಕೈಬರಹ ಇರುತ್ತಾ?"

"ಕುದುರೆಯನ್ನ ನೆಲದ ಮೇಲೆ ಅಂಗಾತ ಮಲಗಿಸಿ ಜೋಡಿಸ್ತೀವಿ ದೊಡ್ಡಮ್ಮಾ. ಕಾಲು ಹೊಳೆ ಕಡೆ, ಬೆನ್ನಿನ ತೊಲೆ ನಮ್ಮ ಕಡೆ. ಮಲಗಿರೋ ಮರದ ಅಡಿಗೆ ನಟ್ಟು ಬಿಗಿಯೋ ಪಾನಾ ಹಾಕೋಕಾಗುತ್ತಾ? ಅದಕ್ಕೇ ನಟ್ಟು ಯಾವಾಗ್ಲೂ ಮೇಲ್ಮುಖ. ಆಮೇಲೆ ಹಗ್ಗ ಕಟ್ಟಿ ಎಬ್ಬಿಸಿ ನಿಲ್ಲಿಸಿದಾಗ ಆ ಮೇಲ್ಮುಖ ಆಚೆ ದಡಕ್ಕೆ ತಿರುಗುತ್ತೆ. ನಮ್ಮ ನಾಲ್ಕೂ ಕುದುರೆ ನಟ್ಟು ಆಚೆ ನೋಡ್ತವೆ. ಆಚೆ ದಡದವರು ಅವರ ಕಡೆಯಿಂದ ನಾಲ್ಕು ಎಬ್ಬಿಸಿದ್ರು. ಅವರದ್ದು ನಮ್ಮ ಕಡೆ ನೋಡ್ತವೆ."

"ಬೀಗರು ಎದುರುಬದುರು ಕೂತ ಹಾಗೆ."

"ಹ್ಞೂ. ಮಾತಿಲ್ಲ, ಕತೆಯಿಲ್ಲ. ನಿಂತ ಕುದುರೆಗೆ ಬೋಲ್ಟು ಹಾಕೋವಾಗ ಯಾವ ಕಡೆ ಬೇಕಾದ್ರೂ ತಿರುಗಿಸಬಹುದು. ಆದ್ರೆ ಕೈ ಕೇಳಲ್ಲ. ರೂಢಿ ಬಂದ ಕಡೆಗೇ ಹೋಗುತ್ತೆ." ಅವಳು ತುಟಿ ಕಚ್ಚಿದಳು. "ಕಾಣೆಯಾದ ಪಟ್ಟೀನ ನಿನ್ನೆ ನಾನೇ ಹೊಸದಾಗಿ ಹಾಕ್ದೆ. ಈ ಹಳೇದನ್ನ ಬಿಗಿ ಇದೆಯಾ ಅಂತ ಮುಟ್ಟಿ ನೋಡ್ದೆ, ಅಷ್ಟೇ. ಸಾಹೇಬರು ಬೈತಾ ನಿಂತಿದ್ರು. ಕಣ್ಣು ಮಂಜಾಗಿತ್ತು."

ಈ ಹುಡುಗಿ ಬಿದ್ದು ಮೊಣಕಾಲು ಒಡೆದುಕೊಂಡಾಗಲೂ ಅತ್ತವಳಲ್ಲ. ದೊಡ್ಡಮ್ಮ ಏಣಿಯನ್ನು ಹಿಡಿದ ಕೈಗಳಲ್ಲಿ ಒಂದನ್ನು ಬಿಡಿಸಿ, ಎಷ್ಟೋ ಧೈರ್ಯ ಮಾಡಿ, ಅವಳ ಪಾದವನ್ನೊಮ್ಮೆ ತಟ್ಟಿದಳು.

"ಅಂದ್ರೆ ಆಚೆ ದಡದವರು ಯಾರೋ ಎರಡೂ ಪಟ್ಟಿ ಬಿಚ್ಚಿ, ಒಂದನ್ನ ವಾಪಸ್ ಹಾಕಿದ್ದಾರೆ. ಹಾಳು ಮಾಡೋಕೆ ಬಂದವನು ವಾಪಸ್ ಯಾಕೆ ಹಾಕ್ತಾನೆ? ಕಳ್ಳ ಬಂದು ಅರ್ಧ ಮನೆ ಗುಡಿಸಿ ಹೋದ ಹಾಗಾಯ್ತು."

"ಅಮ್ಮಾ!" ಮೇಲಿನಿಂದ ಧ್ವನಿ ಬಂತು. ಹಲಗೆಗಳ ಅಂಚಿನಲ್ಲಿ ಒಂದು ಕಪ್ಪು ಕೊಡೆ, ಕೊಡೆಯ ಕೆಳಗೆ ಸೇತುವೆಯ ಪರೀಕ್ಷಕ. ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದ ಮನುಷ್ಯ; ಊರಿಗೆಲ್ಲ ಕೊಡೆ ಸಾಹೇಬ. ಪರೀಕ್ಷೆ ಮುಗಿಯುವವರೆಗೆ ತಂಗಿಯ ಮನೆಯ ಮುಂದಿನ ಕೋಣೆಯಲ್ಲೇ ಬಾಡಿಗೆಗಿದ್ದ. "ಈ ವಯಸ್ಸಿನಲ್ಲಿ ನಿಮಗೆ ಏಣಿ ಬೇಕಾ?"

"ವಯಸ್ಸಾದ ಮೇಲೇ ಸಾಹೇಬ್ರೆ ಏಣಿ ಬೇಕಾಗೋದು. ಚಿಕ್ಕವರು ಹಾರ್ತಾರೆ."

"ಊಟ ಆದ ಮೇಲೆ ಬಂಡಿ ಬಿಡ್ತೀವಿ. ಅಷ್ಟರೊಳಗೆ ನಿಮ್ಮ ಆಟ ಮುಗೀಲಿ."

ಕೊಡೆ ಸರಿಯಿತು. ಅಳಿಲು ಧ್ವನಿ ತಗ್ಗಿಸಿದಳು. "ದೊಡ್ಡಮ್ಮಾ, ಆ ಕಲ್ಲು ತುಂಬಿದ ಬಂಡಿ ಮೇಲೆ ನಾನೇ ನಿಂತ್ಕೊಂಡು ಹೊಳೆ ದಾಟ್ತೀನಿ ಅಂತ ಎಲ್ಲರ ಮುಂದೆ ಹೇಳಿದ್ದೀನಿ. ನನ್ನ ಕೆಲಸದ ಮೇಲೆ ನನಗೆ ನಂಬಿಕೆ ಇದೆ ಅಂತ ಗೊತ್ತಾಗ್ಲಿ. ಅಮ್ಮನಿಗೆ ಮಾತ್ರ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ಹೇಳಿದ್ರೆ ಅವಳು ಮೊದಲು ನನ್ನನ್ನ ಹೊಳೆಗೆ ದಬ್ತಾಳೆ."

ತಂಗಿ ಸೇತುವೆಯ ಹತ್ತಿರವೇ ಸುಳಿಯುವವಳಲ್ಲ. ಎತ್ತರವೆಂದರೆ ಹೆದರಿಕೆ, ನೀರೆಂದರೆ ಅದಕ್ಕಿಂತ ಹೆದರಿಕೆ. ಇವತ್ತು ಬೆಳಿಗ್ಗೆಯೂ ಎಡ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಮಗಳಿಗೆ ಊಟದ ಡಬ್ಬಿ ಕಟ್ಟಿದ್ದಳು. "ತರಕಾರಿ ಹೆಚ್ಚೋವಾಗ ತಾಗ್ತು ಅಕ್ಕಾ," ಎಂದಿದ್ದಳು, ಕೇಳುವ ಮೊದಲೇ.

*

ಆಚೆ ದಡದ ಯಜಮಾನನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಮುಖದಲ್ಲಿ ಬೇರೆ ಅಂಗಗಳೂ ಇದ್ದವು. ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ಮಡದಿ ತೀರಿಕೊಂಡು ಬಹಳ ಕಾಲವಾಗಿತ್ತು. ಅವನ ಕೊಟ್ಟಿಗೆಯ ತುಂಬ ಹಸಿಮರದ ವಾಸನೆ. ಕಾಲಿಟ್ಟಲ್ಲೆಲ್ಲ ಸುರುಳಿ ಸುರುಳಿ ಹೆರೆಹೊಟ್ಟು.

"ಬನ್ನಿ ಪತ್ತೇದಾರಮ್ಮ," ಎಂದ ಅವನು, ಮರ ಹೆರೆಯುತ್ತಿದ್ದ ಕೀಸುಳಿಯನ್ನು ಬದಿಗಿಟ್ಟು. "ನಿಮಗೆ ಅಂತಾನೇ ಒಂದು ಮುಕ್ಕಾಲಿಪೀಠ ಒರೆಸಿಟ್ಟಿದ್ದೆ."

"ನಾನು ಬರ್ತೀನಿ ಅಂತ ಹೇಗೆ ಗೊತ್ತು?"

"ಬರ್ಲಿ ಅಂತ ಒರೆಸಿದ್ದು. ಗೊತ್ತಿದ್ದೇನೂ ಅಲ್ಲ."

ದೊಡ್ಡಮ್ಮನಿಗೆ ಕಿವಿ ಬೆಚ್ಚಗಾಯಿತು. ಈ ವಯಸ್ಸಿನಲ್ಲಿ ಕಿವಿಗೇನು ಕೆಲಸ ಎಂದು ತನ್ನನ್ನೇ ಗದರಿಕೊಂಡಳು. ಚಿಕ್ಕವಳಿದ್ದಾಗ ಎಲ್ಲದಕ್ಕೂ ಮೂಗು ತೂರಿಸುತ್ತೀಯೆಂದು ಮನೆಯಲ್ಲಿ ಬೈಸಿಕೊಂಡಿದ್ದಳು. ಮುಂದೆ ವಿಮಾ ಕಚೇರಿಯವರು ಅದೇ ಮೂಗಿಗೆ ಸಂಬಳ ಕೊಟ್ಟು, ಸುಟ್ಟ ಅಂಗಡಿಗಳ ಬೂದಿ ಕೆದಕಲು ಕಳಿಸಿದರು. ಅಷ್ಟು ವರ್ಷಗಳಲ್ಲಿ ಅವಳಿಗಾಗಿ ಯಾರೂ ಪೀಠ ಒರೆಸಿರಲಿಲ್ಲ. ಅವಳು ಹೋದಲ್ಲೆಲ್ಲ ಜನ ಪೀಠವನ್ನು ಒಳಗೆ ಎತ್ತಿಡುತ್ತಿದ್ದರು.

ಕುಳಿತು, ಮೊಣಕಾಲು ನೀವಿಕೊಂಡು, ನೇರವಾಗಿ ವಿಷಯಕ್ಕೆ ಬಂದಳು.

"ನಾಲ್ಕನೇ ಕುದುರೆಯ ನಟ್ಟು ನಮ್ಮ ದಡದ ಕಡೆ ನೋಡ್ತಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇವನು ಮುಟ್ಟಿಕೊಂಡದ್ದು ಮೀಸೆ.

"ನೋಡ್ಲಿ ಬಿಡಿ. ನಿಮ್ಮ ದಡ ನೋಡೋಕೆ ಚೆನ್ನಾಗಿದೆ."

"ಬಿಚ್ಚಿದ್ದು ನೀವೇನಾ, ನಿಮ್ಮವರಾ?"

"ನನ್ನವರು ಯಾರ ಕುದುರೇನೂ ಮುಟ್ಟಲ್ಲ."

"ಹಾಗಾದ್ರೆ ನೀವೇ."

ಮೀಸೆ ಕೀಸುಳಿ ಎತ್ತಿಕೊಂಡ, ಕೆಳಗಿಟ್ಟ. ಬಾಗಿಲಾಚೆ ನೋಡಿದ. ಸೇತುವೆಯ ಮೇಲೆ ಅವನ ಕಡೆಯವರೂ ಅಳಿಲಿನ ಕಡೆಯವರೂ ಒಂದೇ ಹಗ್ಗ ಹಿಡಿದು, ಒಬ್ಬರನ್ನೊಬ್ಬರು ಛೇಡಿಸುತ್ತ, ಬಂಡಿಗೆ ಕಲ್ಲು ತುಂಬುತ್ತಿದ್ದರು.

"ಸಂಜೆಗೆ ನನ್ನ ಮಗಳ ಕೆಲಸ ಹೋಗುತ್ತೆ," ಎಂದಳು ದೊಡ್ಡಮ್ಮ. ಹೆತ್ತವಳು ತಂಗಿಯಾದರೂ ಈ ಮಾತು ಅವಳ ಬಾಯಿಗೆ ಯಾವಾಗಲೂ ಹೀಗೇ ಬರುತ್ತಿತ್ತು. "ನೀವು ಮೀಸೆ ಹಿಂದೆ ಅಡಗಿ ಕೂತ್ರೆ ಆಗಲ್ಲ."

"ನಾನು ಹೇಳಿದ್ರೆ ನಂಬ್ತೀರಾ?"

"ನಂಬೋದು ನನ್ನ ಕೆಲಸ ಅಲ್ಲ. ಕೇಳೋದು."

ಅವನು ನಕ್ಕುಬಿಟ್ಟ. ಎದ್ದು ಹೋಗಿ, ಹಲಗೆಗಳ ರಾಶಿಯ ಹಿಂದಿನಿಂದ ಗೋಣಿಯಲ್ಲಿ ಸುತ್ತಿದ ಉದ್ದನೆಯ ಪಟ್ಟಿಯೊಂದನ್ನು ಎಳೆದು ತಂದ. ಬಿಚ್ಚಿದ. ಕಾಣೆಯಾದ ಓರೆಪಟ್ಟಿ!

"ನಿನ್ನೆ ಬೆಳ್ಳಂಬೆಳಿಗ್ಗೆ ತೆಪ್ಪದಲ್ಲಿ ಹೊರಟಿದ್ದೆ, ಐದನೇ ಕುದುರೆ ಕಾಲು ನೋಡೋಣ ಅಂತ. ನಾಲ್ಕನೇದರ ಹತ್ತಿರ ನೀರಿನ ಮೇಲೆ ಮರದ ಹೊಟ್ಟು ಸಿಕ್ಕೊಂಡಿತ್ತು. ಅಲ್ಲಿ ಹೊಟ್ಟು ಎಲ್ಲಿಂದ ಬರ್ಬೇಕು? ಕೈಯಾಡಿಸಿ ನೋಡ್ದೆ. ಇಲ್ಲಿ, ನೋಡಿ."

ಪಟ್ಟಿಯ ಕೆಳತುದಿಯ ಹತ್ತಿರ ಮರದ ಬಣ್ಣದ್ದೇ ಒಂದು ಗೆರೆ. ಅವನು ಉಗುರಿನಿಂದ ಕೆರೆದ. ಮೇಣ ಮತ್ತು ಹೊಟ್ಟಿನ ಕಣಕ ಉದುರಿತು. ಒಳಗೆ ಗರಗಸದ ಸೀಳು, ಪಟ್ಟಿಯ ಅರ್ಧಕ್ಕೂ ಮೀರಿ.

"ಬೇಕಂತಲೇ ಕುಯ್ದಿದ್ದಾರೆ," ಎಂದ. "ಭಾರ ಬಿದ್ದಿದ್ರೆ ಪಟಾರ್. ಬದಲಿ ಪಟ್ಟಿ ಹಾಕಿಬಿಡೋಣ, ಯಾರಿಗೂ ತಿಳಿಯೋದು ಬೇಡ ಅಂತ ಎರಡೂ ಬಿಚ್ಚಿದೆ. ಇನ್ನೊಂದನ್ನೂ ಕುಯ್ದಿದ್ದಾರಾ ಅಂತ ಹಿಂದೆ ಮುಂದೆ ನೋಡ್ಬೇಕಿತ್ತಲ್ಲ. ಅದು ಚೆನ್ನಾಗಿತ್ತು. ಅದನ್ನ ವಾಪಸ್ ಬಿಗಿದು, ಕುಯ್ದದ್ದರ ಬದಲಿಗೆ ಹೊಸದು ತರೋಣ ಅಂತ ಇತ್ತ ಬಂದೆ. ಅಷ್ಟರಲ್ಲಿ ಆ ಕೊಡೆ ಬಂತು. ಎಂದೂ ಅಷ್ಟು ಬೇಗ ಏಳದ ಮನುಷ್ಯ."

"ಆಗಲೇ ಇದನ್ನ ತೋರಿಸಬಹುದಿತ್ತಲ್ಲ?"

"ಯಾರಿಗೆ? ಆಚೆ ದಡದ ಮೀಸೆ ಕೈಯಲ್ಲಿ ಕುಯ್ದ ಪಟ್ಟಿ ಕಂಡ್ರೆ ಯಾರು ಕುಯ್ದ ಅಂತ ಯಾರಾದ್ರೂ ಎರಡು ಸಲ ಕೇಳ್ತಾರಾ?" ಅವನು ತಲೆ ತಗ್ಗಿಸಿದ. "ಆ ಹುಡುಗಿ ಜೊತೆ ಹಗಲೆಲ್ಲ ಜಗಳ ಆಡ್ತೀನಿ. ಆದ್ರೆ ಅವಳ ಕೆಲಸ ಕಂಡ್ರೆ ನನಗೆ ಖುಷಿ. ನಂದೂ ಒಂದು ಅಳಿಲು ಸೇವೆ ಇರ್ಲಿ ಅಂತ ಹೋದೆ. ಅಳಿಲಿನ ಬಾಲಕ್ಕೇ ಬೆಂಕಿ ಹಚ್ಚಿ ಬಂದೆ."

ಇವನು ಸುಳ್ಳು ಹೇಳುತ್ತಿಲ್ಲ ಎಂದು ದೊಡ್ಡಮ್ಮನ ಮೂಗು ಹೇಳಿತು. ಪೀಠ ಒರೆಸಿದ್ದಕ್ಕೆ ಹಾಗೆ ಹೇಳುತ್ತಿದೆಯೋ ಎಂದು ಮೂಗನ್ನೇ ಒಂದು ಕ್ಷಣ ಅನುಮಾನಿಸಿದಳು. ಇಲ್ಲ. ಮೇಣದ ಕಣಕವೇ ಸಾಕ್ಷಿ. ತಾನೇ ಕುಯ್ದು ಮುಚ್ಚಿದವನು ತಾನೇ ಬಿಚ್ಚುವ ಕಷ್ಟ ತೆಗೆದುಕೊಳ್ಳುವುದಿಲ್ಲ.

"ಮುರೀರಿ ಇದನ್ನ," ಎಂದಳು. "ಒಳಗೆ ನೋಡ್ಬೇಕು."

ಅವನು ಪಟ್ಟಿಯನ್ನು ದಿಮ್ಮಿಯ ಮೇಲೆ ಆನಿಸಿ ಕಾಲಿನಿಂದ ಒದ್ದ. ಒಂದೇ ಏಟಿಗೆ ಮುರಿಯಿತು. ಅರ್ಧ ಸಿಬಿರು ಸಿಬಿರು, ಅರ್ಧ ಗರಗಸ ಓಡಿದ ನುಣುಪು. ದೊಡ್ಡಮ್ಮ ಕನ್ನಡಕ ಏರಿಸಿ, ಪಟ್ಟಿಯನ್ನು ಬಾಗಿಲಿನ ಬೆಳಕಿಗೆ ಹಿಡಿದಳು.

ನುಣುಪಿನ ಮೇಲೆ ಆಳವಾದ ಒಂದು ಗೀರು. ಸ್ವಲ್ಪ ಬಿಟ್ಟು ಅಂಥದೇ ಇನ್ನೊಂದು. ಮತ್ತೊಂದು. ಸಾಲಿನಲ್ಲಿ ಒಂದು ಹಲ್ಲು ಹೊರಚಾಚಿದ ಗರಗಸ, ಪ್ರತಿ ಸಲ ಎಳೆದಾಗಲೂ ಬಿಟ್ಟುಹೋದ ಗುರುತು.

"ಸೊಟ್ಟಹಲ್ಲಿನ ಗರಗಸ," ಎಂದ ಮೀಸೆ. "ಕೆಲಸ ಗೊತ್ತಿರೋನು ಇಂಥದ್ದನ್ನ ಒಂದಿನವೂ ಇಟ್ಕೊಳ್ಳಲ್ಲ. ಹಲ್ಲು ಸರಿ ಮಾಡ್ತಾನೆ, ಇಲ್ಲ ಗುಜರಿಗೆ ಹಾಕ್ತಾನೆ."

ದೊಡ್ಡಮ್ಮನ ಕಿವಿಯಲ್ಲಿ ಬೇರೊಂದು ಸದ್ದು ಎದ್ದಿತ್ತು. ಕರ್ರ್‌ರ್, ಟಕ್. ಕರ್ರ್‌ರ್, ಟಕ್. ಅಪ್ಪ ಹಲಗೆ ಕುಯ್ಯುವಾಗ ಅಲುಗಾಡದಿರಲೆಂದು ಅದರ ಮೇಲೆ ಅಕ್ಕ ತಂಗಿಯರನ್ನು ಕೂರಿಸುತ್ತಿದ್ದ. ಮೊಳೆಗೆ ತಾಗಿ ಹಲ್ಲೊಂದು ಸೊಟ್ಟಗಾದ ಆ ಗರಗಸವನ್ನು ಅಪ್ಪ ಎಸೆಯಲೇ ಇಲ್ಲ. ಅಪ್ಪನ ನೆನಪಿಗೆ ತಂಗಿಯೂ ಎಸೆಯಲಿಲ್ಲ. ಅದು ಯಾವಾಗಲೂ ಅವಳ ಅಡುಗೆಮನೆಯ ಗೋಡೆಯಲ್ಲಿ, ಜರಡಿಯ ಪಕ್ಕದ ಮೊಳೆಗೆ ನೇತುಬಿದ್ದಿರುತ್ತಿತ್ತು.

ಎಡ ಹೆಬ್ಬೆರಳು. ಗರಗಸವನ್ನು ಮೊದಲು ಮರಕ್ಕೆ ಹಿಡಿಸುವಾಗ, ದಾರಿ ತೋರಿಸಲು ಊರುವ ಬೆರಳು.

"ಏನಾಯ್ತು ಪತ್ತೇದಾರಮ್ಮ? ನೀರು ಕೊಡ್ಲಾ?"

"ಬೇಡ," ಎಂದಳು. "ಪೀಠ ಹಾಗೇ ಇರ್ಲಿ. ಇನ್ನೊಂದಿನ ಬಂದು ಸರಿಯಾಗಿ ಕೂರ್ತೀನಿ."

*

ತಂಗಿ ಒಲೆಯ ಮುಂದೆ ನಿಂತು ಹಾಡು ಗುನುಗುತ್ತಿದ್ದಳು. ಅಡುಗೆಮನೆ ಎಂದಿನಂತೆ ಫಳಫಳ. ಗೋಡೆಯಲ್ಲಿ ಜರಡಿ ಇತ್ತು. ಜರಡಿಯ ಪಕ್ಕದ ಮೊಳೆ ಖಾಲಿ.

ಬೇರೆಯವರ ಮನೆಯ ಬೂದಿಯಲ್ಲಿ ನಿಜ ಹುಡುಕುವಾಗ ದೊಡ್ಡಮ್ಮ ಮೊದಲ ಪ್ರಶ್ನೆಗೆ ಒಮ್ಮೆಯೂ ತಡಮಾಡಿರಲಿಲ್ಲ. ಈಗ ತಂಗಿ ಕೊಟ್ಟ ಟೀಯನ್ನು ಕೊನೆಯ ಗುಟುಕಿನವರೆಗೂ ಕುಡಿದಳು.

"ಬೆರಳು ಹೇಗಿದೆ?"

"ವಾಸಿಯಾಗ್ತಿದೆ ಅಕ್ಕಾ."

"ಬಿಚ್ಚು, ನೋಡೋಣ."

"ಅಯ್ಯೋ, ನೋಡೋಕೇನಿದೆ."

"ತರಕಾರಿ ಹೆಚ್ಚಿದ್ರೆ ಬೆರಳ ತುದಿಗೆ ತಾಗುತ್ತೆ. ನೀನು ಗೆಣ್ಣಿಗೆ ಬಟ್ಟೆ ಸುತ್ತಿದ್ದೀಯ. ಗರಗಸ ಹಿಡಿದವರಿಗೆ ತಾಗೋ ಜಾಗ ಅದು. ಅಪ್ಪನ ಕೈ ಮರೆತುಹೋಯ್ತಾ?"

ಗುನುಗು ನಿಂತಿತು. ತಂಗಿ ಒಲೆ ಆರಿಸಿದಳು, ಸೌಟು ತೊಳೆದಳು, ಒರೆಸಿದಳು, ಅದರ ಜಾಗದಲ್ಲಿಟ್ಟಳು. ಇನ್ನು ಮಾಡಲು ಕೆಲಸ ಉಳಿಯದಾಗ ತಿರುಗಿ ನಿಂತಳು. ಕಣ್ಣಲ್ಲಿ ನೀರು, ತುಟಿಯಲ್ಲಿ ಪೆಚ್ಚು ನಗು. ಆರು ವರ್ಷದವಳಾಗಿದ್ದಾಗ ಜಾಡಿ ಒಡೆದು ನಿಂತಾಗಿನ ಮುಖವೇ.

"ನಿನ್ನ ಮೂಗು ಸುಡಾ," ಎಂದಳು.

"ಯಾಕೇ? ಹೊಟ್ಟೇಲಿ ಹುಟ್ಟಿದ ಮಗಳ ಕೆಲಸಕ್ಕೆ ಕೈ ಹಾಕ್ತಾರೇನೆ?"

"ಅವಳು ಮೇಲೆ ಹತ್ತಿದಾಗಲೆಲ್ಲ ನನ್ನ ಹೊಟ್ಟೇಲಿ ಯಾರೋ ಏಣಿ ಹತ್ತಿ ಇಳಿದ ಹಾಗಾಗುತ್ತೆ ಅಕ್ಕಾ. ಬೆಳಿಗ್ಗೆಯಿಂದ ಸಂಜೆವರೆಗೆ. ನಿನಗದು ಗೊತ್ತಾಗಲ್ಲ. ನೀನು ಅವಳಿಗೆ ಹಾರೋದು ಕಲಿಸ್ದೆ. ಬಿದ್ರೆ ಹಿಡಿಯೋಕೆ ಕೆಳಗೆ ನಿಂತಿರೋಳು ನಾನು." ಅವಳು ಮೂಗು ಒರೆಸಿಕೊಂಡಳು. "ಒಂದು ಸಲ ಪರೀಕ್ಷೆ ನಿಂತ್ರೆ ಸಾಕು, ಕೆಳಗೆ ಅಳತೆ ಕೆಲಸಕ್ಕೆ ಹಾಕ್ತಾರೆ ಅಂತ ಸಾಹೇಬರು ಟೀ ಕುಡೀತಾ ಹೇಳಿದ್ರು. ಒಂದು ಪಟ್ಟಿ ಬಿರುಕು ಬಿಟ್ರೆ ಯಾರಿಗೂ ಏನೂ ಆಗಲ್ವಂತೆ. ಬಂಡಿ ಮೇಲೆ ಹೇಗೂ ಯಾರೂ ಇರಲ್ವಂತೆ. ಮೇಣ ಮೆತ್ತೋದು ಹೇಗೆ ಅಂತಾನೂ ಮಾತಿನ ಮಧ್ಯೆ ಹೇಳಿದ್ರು. ಈ ಸೇತುವೆ ನಿಲ್ಲದಿದ್ರೆ ಹೊಸದರ ಗುತ್ತಿಗೆ ಅವರ ಭಾವಮೈದುನನಿಗೆ ಅಂತಾನೂ."

"ಕೊಡೆ ಸಾಹೇಬರು?"

"ತುಂಬಾ ಒಳ್ಳೇ ಮನುಷ್ಯ ಅಕ್ಕಾ. ಯಾವತ್ತೂ ಲೋಟ ತೊಳೆದೇ ಇಡ್ತಾರೆ."

ದೊಡ್ಡಮ್ಮ ಖಾಲಿ ಮೊಳೆಯನ್ನು ನೋಡಿದಳು. ಕೆಳಗೆ ನಿಂತಿರುವವಳು ತಾನು ಎಂದಳಲ್ಲ, ಆ ಮಾತು ಎಲ್ಲೋ ತಗುಲಿಕೊಂಡಿತ್ತು.

"ಗರಗಸ ಎಲ್ಲೇ?"

"ಅಲ್ಲೇ ನೇತುಹಾಕಿದ್ದೆ. ಮಾರನೇ ದಿನ ನೋಡಿದ್ರೆ ಇಲ್ಲ. ನೀನೇ ತಗೊಂಡ್ಯೇನೋ ಅಂತ ಎದೆ ಹೊಡ್ಕೊಂಡಿತ್ತು."

"ನಾನು ತಗೊಂಡಿಲ್ಲ. ಇರ್ಲಿ. ಆದ್ರೂ ಭೇಷ್ ಕಣೇ. ನೀರು ಕಂಡ್ರೆ ಹೆದರೋಳು, ನಾಲ್ಕನೇ ಕುದುರೆವರೆಗೂ ಹೇಗೆ ಹೋದೆ? ತೆಪ್ಪ ಹತ್ತಿದ್ಯಾ?"

ತಂಗಿ ಕಣ್ಣು ಪಿಳುಕಿಸಿದಳು.

"ನಾಲ್ಕನೇದಾ? ಅದು ಹೊಳೆ ನಡುವೆ ಇದೆಯಲ್ಲ ಅಕ್ಕಾ. ನನ್ನ ಕೈಲಿ ಆಗುತ್ತಾ? ನಾನು ಕುಯ್ದದ್ದು ಎರಡನೇದು. ದಡದ ಮೇಲೆ, ನೆಲದ ಮೇಲೆ ನಿಂತ್ಕೊಂಡು. ಪಟ್ಟಿ ಮಾಯ ಆಯ್ತು, ಪರೀಕ್ಷೆ ನಿಂತೋಯ್ತು ಅಂತ ಊರೆಲ್ಲ ಹೇಳಿದ್ರಲ್ಲ, ನಾನು ಕುಯ್ದದ್ದನ್ನೇ ತೆಗೆದ್ರು ಅಂದ್ಕೊಂಡು ಸುಮ್ಮನಾದೆ."

ದೊಡ್ಡಮ್ಮ ಬೆಳಿಗ್ಗೆ ಕಂಡ ಕುದುರೆಗಳನ್ನು ಬೆರಳ ಮೇಲೆ ಎಣಿಸಿದಳು.

ಎರಡನೇ ಕುದುರೆಯ ಎಲ್ಲ ನಟ್ಟುಗಳೂ ಬೆಳಿಗ್ಗೆ ಸರಿಯಾಗಿ ಆಚೆ ನೋಡುತ್ತಿದ್ದವು. ಅದನ್ನು ಯಾರೂ ಬಿಚ್ಚಿರಲಿಲ್ಲ. ಕುಯ್ದ ಪಟ್ಟಿ, ಮೇಣ ಮೆತ್ತಿಕೊಂಡು, ಹಾಗೇ ನಿಂತಿತ್ತು.

ಆಗಲೇ ಹೊಳೆಯ ಕಡೆಯಿಂದ ಗಂಟೆ ಬಾರಿಸಿತು. ಉದ್ದವಾಗಿ, ಬಿಡದೆ.

"ಬಂಡಿ ಬಿಟ್ರು ಅಂತ ಕಾಣುತ್ತೆ," ಎಂದಳು ತಂಗಿ, ಕಿಟಕಿಯತ್ತ ತಿರುಗಿ. "ಊಟ ಆದ ಮೇಲೆ ಅಂದಿದ್ರಲ್ಲ? ಸಾಹೇಬರು ನೀನು ಬರೋಕೆ ಮುಂಚೆ ತಾನೇ ಊಟ ಬೇಡ, ಅರ್ಜೆಂಟು ಅಂತ ಎದ್ದುಹೋದ್ರು. ಇರ್ಲಿ ಬಿಡಕ್ಕಾ. ಮುರಿದ್ರೆ ಕಲ್ಲು ತಾನೇ ಬೀಳೋದು? ಬಂಡಿ ಮೇಲೆ ಯಾರೂ ಇರಲ್ವಲ್ಲ."

ಅಕ್ಕ ಬಾಗಿಲಿನತ್ತ ತಿರುಗಿದಳು.

"ಅಕ್ಕಾ? ಯಾರೂ ಇರಲ್ವಲ್ಲ?"

ಅಕ್ಕ ಆಗಲೇ ಬಾಗಿಲಲ್ಲಿದ್ದಳು. ಆ ಬೆನ್ನನ್ನು ನೋಡಿದ್ದೇ ತಂಗಿಗೆ ಉತ್ತರ ಸಿಕ್ಕಿತು. ಲೋಟ ಉರುಳಿತು. ಇಬ್ಬರಲ್ಲಿ ಒಬ್ಬರೂ ಚಪ್ಪಲಿ ಹುಡುಕಲಿಲ್ಲ.

ಬೀದಿಯ ಕೊನೆಯ ತಿರುವಿನಲ್ಲಿ ಸೇತುವೆ ಕಂಡಿತು. ಕಲ್ಲು ತುಂಬಿದ ಬಂಡಿ ಮೊದಲ ಕುದುರೆಯ ಮೇಲೆ ಬಂದು ನಿಂತಿತ್ತು. ಕಲ್ಲುಗಳ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು, ಏನನ್ನೂ ಹಿಡಿದುಕೊಳ್ಳದೆ, ಅಳಿಲು. ದೂರದಿಂದ ಅಮ್ಮನನ್ನು ಕಂಡು, ಸೇತುವೆಯ ಹತ್ತಿರ ಎಂದೂ ಬಾರದ ಅಮ್ಮ ತನ್ನನ್ನು ನೋಡಲೆಂದೇ ಓಡಿ ಬರುತ್ತಿದ್ದಾಳೆಂದು, ಅವಳು ಖುಷಿಯಿಂದ ಕೈ ಬೀಸಿದಳು.

"ಬೇಡ! ನಿಲ್ಸಿ!" ತಂಗಿಯ ಕೂಗು ಗಂಟೆಯಲ್ಲಿ ಮುಳುಗಿಹೋಯಿತು.

ಹಗ್ಗ ಬಿಗಿಯಿತು. ಬಂಡಿ ಅಲುಗಿತು. ದಡದ ಮೇಲೆ ಎರಡನೇ ಕುದುರೆಯಿಂದ ಬಲು ದೂರ, ಎಲ್ಲರಿಗಿಂತ ಹಿಂದೆ, ಕೊಡೆ ಸಾಹೇಬ ನಿಂತಿದ್ದ. ಇವತ್ತು ಮೊದಲ ಬಾರಿಗೆ ಅವನು ಕೊಡೆ ಮಡಚಿದ್ದ. ಮಡಚಿದ ಕೊಡೆಯೊಳಗಿಂದ, ಬಿಸಿಲಿಗೆ ಫಳ್ಳೆಂದು, ಗರಗಸದ ಹೊರಚಾಚಿದ ಒಂದು ಸೊಟ್ಟಹಲ್ಲು ಹೊಳೆಯಿತು.